ಏಳು ವರ್ಷದ ಲೆಕ್ಕ: ಒಲಿವಿಯಾ ಡಿ ಹ್ಯಾವಿಲಂಡ್ ಮತ್ತು ವಾರ್ನರ್ ಬ್ರದರ್ಸ್ ಪ್ರಕರಣ

1943ರ ಮೇ 5ಕ್ಕೆ ತನ್ನ ಒಪ್ಪಂದ ಮುಗಿಯಿತು ಎಂಬುದು ನಟಿ ಒಲಿವಿಯಾ ಡಿ ಹ್ಯಾವಿಲಂಡ್ ಲೆಕ್ಕ. ಇಲ್ಲ, ಇನ್ನೂ ಸುಮಾರು ಆರು ತಿಂಗಳ ದುಡಿಮೆ ಬಾಕಿ ಇದೆ ಎಂಬುದು ವಾರ್ನರ್ ಬ್ರದರ್ಸ್ ಸ್ಟುಡಿಯೊದ ಲೆಕ್ಕ. ಆ ಆರು ತಿಂಗಳಿಗಾಗಿ ಎರಡು ಕಡೆಯವರೂ ಒಂದೂವರೆ ವರ್ಷ ಕೋರ್ಟಿನಲ್ಲಿ ಕಾದಾಡಿದರು. ಹಾಲಿವುಡ್‌ನಲ್ಲಿ ಅದಕ್ಕೂ ಮೊದಲು ಸ್ಟುಡಿಯೊ ವಿರುದ್ಧ ಸಿಡಿದೆದ್ದವರು ಬೇಕಾದಷ್ಟು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ‘ನಮಗೆ ಅನ್ಯಾಯವಾಗುತ್ತಿದೆ’ ಎಂದು ಹೋದರು. ಒಲಿವಿಯಾ ‘ತಾರೀಕು ನೋಡಿ ಹೇಳಿ’ ಎಂದು ಹೋದರು. ಅವರು ಗೆದ್ದದ್ದಕ್ಕೆ ಮುಖ್ಯ ಕಾರಣ ಇದೇ.

ಒಲಿವಿಯಾ ಹುಟ್ಟಿದ್ದು 1916ರ ಜುಲೈ 1ರಂದು, ಟೋಕಿಯೊದಲ್ಲಿ. ತಂದೆತಾಯಿ ಬ್ರಿಟಿಷರು. 1919ರಲ್ಲಿ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದರು. ಬೆಳೆದದ್ದು ಸಾರಟೋಗ ಎಂಬ ಸಣ್ಣ ಊರಿನಲ್ಲಿ. ತಂಗಿಯೇ ಮುಂದೆ ಜೋನ್ ಫೋಂಟೇನ್ ಎಂದು ಹೆಸರಾದ ನಟಿ. 1934ರಲ್ಲಿ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಆಡಿಸಿದಾಗ, ಹರ್ಮಿಯಾ ಪಾತ್ರದ ಮುಖ್ಯ ನಟಿ ಸಿನಿಮಾಕ್ಕೆ ಹೊರಟುಹೋದ ಕಾರಣ ಬದಲಿಯಾಗಿ ನಿಂತಿದ್ದ ಈ ಹುಡುಗಿಗೆ ಪಾತ್ರ ಸಿಕ್ಕಿತು. ಅದೇ ನಾಟಕವನ್ನು ವಾರ್ನರ್ ಬ್ರದರ್ಸ್ ಸಿನಿಮಾ ಮಾಡಹೊರಟಿತು. ವಾರಕ್ಕೆ 200 ಡಾಲರ್ ಸಂಬಳಕ್ಕೆ ಸಹಿ ಬಿತ್ತು. ಆಗ ಆಕೆಗೆ 18 ವರ್ಷ. 1936ರ ಏಪ್ರಿಲ್‌ನಲ್ಲಿ ಹೊಸ ಒಪ್ಪಂದ ಬಂತು. ನ್ಯಾಯಾಲಯಕ್ಕೆ ಹೋದದ್ದು ಈ ಎರಡನೆಯ ಕಾಗದ.

ಒಪ್ಪಂದದ ಒಳಗೆ ಏನಿತ್ತು

‘ಏಳು ವರ್ಷದ ಒಪ್ಪಂದ’ ಎಂದು ಹಾಲಿವುಡ್ ಕರೆಯುತ್ತಿದ್ದುದು ವಾಸ್ತವವಾಗಿ ಒಂದು ವರ್ಷದ ಒಪ್ಪಂದ, ಅದರ ಬಾಲಕ್ಕೆ ಕಟ್ಟಿದ ಆರು ಆಯ್ಕೆಗಳು. ಮೊದಲ ಅವಧಿ 1936ರ ಮೇ 5ರಿಂದ 52 ವಾರ. ಅದು ಮುಗಿಯುವ ಮೊದಲು ನಟಿಯನ್ನು ಇನ್ನೂ 52 ವಾರ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಸ್ಟುಡಿಯೊ ತೀರ್ಮಾನಿಸುತ್ತದೆ; ಹೀಗೆ ಆರು ಸಲ. ಆಯ್ಕೆ ಒಂದೇ ಕಡೆಗೆ. ಸ್ಟುಡಿಯೊ ಬೇಡವೆಂದರೆ ನಟಿ ಮನೆಗೆ, ಬೇಕೆಂದರೆ ನಟಿ ಹೊರಡುವಂತಿಲ್ಲ. ಪ್ರತಿ ಆಯ್ಕೆಗೆ ಮೊದಲೇ ಬರೆದಿಟ್ಟಷ್ಟು ಸಂಬಳ ಏರುತ್ತದೆ. ಚಿತ್ರ ಎಷ್ಟೇ ಓಡಲಿ, ಹೆಸರು ಎಷ್ಟೇ ಬೆಳೆಯಲಿ, ಮೊದಲು ಬರೆದ ಅಂಕಿಯೇ ಅಂಕಿ.

52 ವಾರವನ್ನು ಏಳರಿಂದ ಗುಣಿಸಿದರೆ 364 ವಾರ, ಅಂದರೆ 2548 ದಿನ. ಪಂಚಾಂಗದ ಏಳು ವರ್ಷಕ್ಕೆ ಇದು ಸುಮಾರು ಒಂದು ವಾರ ಕಡಿಮೆ. ಇದು ಆಕಸ್ಮಿಕವಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಏಳು ವರ್ಷದ ಗೆರೆ ಎಳೆದಿತ್ತು. ಸ್ಟುಡಿಯೊಗಳ ವಕೀಲರು ಆ ಗೆರೆಯ ಒಳಗೇ ಅಂಚಿನವರೆಗೂ ಅಳತೆ ಮಾಡಿ ಬಟ್ಟೆ ಕತ್ತರಿಸಿದ್ದರು.

ತೊಡಕೆಲ್ಲ ಅಮಾನತಿನ ಷರತ್ತಿನಲ್ಲಿತ್ತು. ಅದು ನಡೆಯುತ್ತಿದ್ದ ರೀತಿ ಹೀಗೆ. ಸ್ಟುಡಿಯೊ ಒಂದು ಚಿತ್ರಕಥೆ ಕಳಿಸುತ್ತದೆ. ನಟಿ ಒಲ್ಲೆ ಎನ್ನುತ್ತಾಳೆ. ಅಮಾನತಿನ ನೋಟಿಸ್ ಬರುತ್ತದೆ, ಅಂದಿನಿಂದ ಸಂಬಳ ನಿಲ್ಲುತ್ತದೆ. ಆ ಪಾತ್ರ ಬೇರೆಯವರಿಗೆ ಹೋಗುತ್ತದೆ. ಸಾಮಾನ್ಯವಾಗಿ ಅವರು ಅದನ್ನು ಮುಗಿಸುವ ತನಕ ಅಮಾನತು ಚಾಲ್ತಿಯಲ್ಲಿ ಇರುತ್ತದೆ. ಅಷ್ಟೂ ಕಾಲ ಬೇರೆ ಕಂಪನಿಯ ಚಿತ್ರ ಮಾಡುವಂತಿಲ್ಲ. ಕೊನೆಗೆ, ಅಮಾನತಾಗಿದ್ದಷ್ಟು ವಾರಗಳನ್ನು ಒಪ್ಪಂದದ ತುದಿಗೆ ಸೇರಿಸಲಾಗುತ್ತದೆ. ಕಾಯಿಲೆ ಬಿದ್ದು ಕೆಲಸಕ್ಕೆ ಬಾರದಿದ್ದರೂ ಇದೇ ನಿಯಮ. ಸಂಬಳ ಹೋಗುವುದು ಒಂದು ದಂಡ, ಅವಧಿ ಬೆಳೆಯುವುದು ಇನ್ನೊಂದು. ಮೊದಲನೆಯದನ್ನು ಉಳಿತಾಯ ಇದ್ದವರು ತಡೆದುಕೊಳ್ಳಬಹುದು. ಎರಡನೆಯದಕ್ಕೆ ಮದ್ದಿರಲಿಲ್ಲ, ಬೇಡ ಎಂದಷ್ಟೂ ಬಿಡುಗಡೆಯ ದಿನ ದೂರ ಸರಿಯುತ್ತಿತ್ತು.

ಇದರ ಜೊತೆಗೆ ಎರವಲು ಪದ್ಧತಿ. ಒಂದು ಸ್ಟುಡಿಯೊದ ನಟಿಯನ್ನು ಇನ್ನೊಂದು ಸ್ಟುಡಿಯೊ ಕೇಳಿ ಪಡೆಯುತ್ತದೆ. ಪಡೆದವರು ಕೊಡುವ ಹಣ ನಟಿಯ ಸಂಬಳಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಳ ಮೂಲ ಸ್ಟುಡಿಯೊಗೆ. ಎತ್ತನ್ನು ಬಾಡಿಗೆಗೆ ಕೊಟ್ಟವನಿಗೆ ಬಾಡಿಗೆ, ಎತ್ತಿಗೆ ಅದೇ ಹುಲ್ಲು.

ಜಗಳ ಹುಟ್ಟಿದ ಬಗೆ

ವಾರ್ನರ್‌ಗೆ ಒಲಿವಿಯಾ ಎಂದರೆ ನಾಯಕನಟ ಎರಲ್ ಫ್ಲಿನ್‌ನ ಪಕ್ಕದಲ್ಲಿ ನಿಲ್ಲುವ ಸುಂದರಿ. 1935ರ ‘ಕ್ಯಾಪ್ಟನ್ ಬ್ಲಡ್’ನಿಂದ 1941ರ ‘ದೇ ಡೈಡ್ ವಿತ್ ದೇರ್ ಬೂಟ್ಸ್ ಆನ್’ವರೆಗೆ ಇಬ್ಬರೂ ಎಂಟು ಚಿತ್ರ ಮಾಡಿದರು. 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಇವತ್ತಿಗೂ ನೋಡಿಸಿಕೊಳ್ಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕತ್ತಿ ಬೀಸುವುದು, ಗೋಡೆ ಹತ್ತುವುದು, ಮಾತು ಗೆಲ್ಲುವುದು ಎಲ್ಲ ನಾಯಕನ ಪಾಲು. ನಾಯಕಿ ಕಾಯಬೇಕು, ಕಂಗಾಲಾಗಬೇಕು, ಕೊನೆಗೆ ಒಪ್ಪಬೇಕು. ಸ್ಟುಡಿಯೊದ ಭಾರಿ ಸ್ತ್ರೀಪಾತ್ರಗಳು ಅಲ್ಲಿನ ದೊಡ್ಡ ತಾರೆ ಬೆಟ್ಟಿ ಡೇವಿಸ್ ಮನೆ ಬಾಗಿಲಿಗೆ ಹೋಗುತ್ತಿದ್ದವು.

ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ‘ಗಾನ್ ವಿತ್ ದ ವಿಂಡ್’ ಚಿತ್ರದ ಮೆಲನಿ ಪಾತ್ರಕ್ಕೆ ಒಲಿವಿಯಾರನ್ನು ಕೇಳಿದಾಗ ಸ್ಟುಡಿಯೊದ ಮುಖ್ಯಸ್ಥ ಜಾಕ್ ವಾರ್ನರ್ ಒಪ್ಪಲಿಲ್ಲ. ಒಲಿವಿಯಾ ಅವನ ಹೆಂಡತಿ ಆ್ಯನ್‌ರನ್ನು ಕಂಡು ಮಾತಾಡಿದರು; ಆ ದಾರಿಯಿಂದ ಒಪ್ಪಿಗೆ ಸಿಕ್ಕಿತು. ಬದಲಿಗೆ ವಾರ್ನರ್‌ಗೆ ಜೇಮ್ಸ್ ಸ್ಟುವರ್ಟ್‌ರನ್ನು ಒಂದು ಚಿತ್ರಕ್ಕೆ ಪಡೆಯುವ ಹಕ್ಕು ದಕ್ಕಿತು. ಮೆಲನಿ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಬಂತು. ಮರಳಿ ಬಂದವರಿಗೆ ವಾರ್ನರ್ ಕೊಟ್ಟದ್ದು, ಡೇವಿಸ್ ರಾಣಿಯಾಗಿದ್ದ ‘ದಿ ಪ್ರೈವೇಟ್ ಲೈವ್ಸ್ ಆಫ್ ಎಲಿಜಬೆತ್ ಅಂಡ್ ಎಸೆಕ್ಸ್’ ಚಿತ್ರದಲ್ಲಿ ಆಸ್ಥಾನದ ಒಬ್ಬ ಸಖಿಯ ಪಾತ್ರ. 1941ರಲ್ಲಿ ಪ್ಯಾರಮೌಂಟ್‌ಗೆ ಎರವಲು ಹೋಗಿ ಮಾಡಿದ ‘ಹೋಲ್ಡ್ ಬ್ಯಾಕ್ ದ ಡಾನ್’ಗೆ ಮತ್ತೆ ನಾಮನಿರ್ದೇಶನ, ಈ ಸಲ ಮುಖ್ಯ ನಟಿಗೆ. ಆ ವರ್ಷ ಪ್ರಶಸ್ತಿ ಹೋದದ್ದು ತಂಗಿ ಜೋನ್‌ಗೆ. ಅಕ್ಕತಂಗಿಯರ ಮುನಿಸಿನ ಬಗ್ಗೆ ಪತ್ರಿಕೆಗಳು ಬರೆದದ್ದಕ್ಕೆ ಲೆಕ್ಕವಿಲ್ಲ, ನಮ್ಮ ವಿಷಯಕ್ಕೆ ಅದು ಬೇಕಿಲ್ಲ.

ಬೇಕಾದದ್ದು ಇನ್ನೊಂದು. ಒಲಿವಿಯಾಗೆ ಜೀವಮಾನದಲ್ಲಿ ಐದು ಆಸ್ಕರ್ ನಾಮನಿರ್ದೇಶನ ಸಿಕ್ಕವು. ಐದರಲ್ಲಿ ಒಂದೂ ವಾರ್ನರ್ ಬ್ರದರ್ಸ್‌ನಲ್ಲಿ ಮಾಡಿದ ಚಿತ್ರಕ್ಕಲ್ಲ. ಎರಡು ಎರವಲು ಹೋದಾಗಿನವು, ಮೂರು ಬಿಡುಗಡೆಯಾದ ಮೇಲಿನವು. ಸ್ಟುಡಿಯೊಗೆ ತನ್ನ ಕೈಯಲ್ಲಿದ್ದ ನಟಿಯ ಅಳತೆ ತಿಳಿದಿರಲಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

1939ರ ಕೊನೆಯಿಂದ ಒಲಿವಿಯಾ ಒಪ್ಪದ ಪಾತ್ರಗಳನ್ನು ಬಿಡತೊಡಗಿದರು. ಒಂದೊಂದಕ್ಕೂ ಅಮಾನತು. ಒಂದೊಂದು ಕೆಲವು ವಾರಗಳದ್ದು. 1943ರ ಮೇ ಬರುವ ಹೊತ್ತಿಗೆ ಅವೆಲ್ಲ ಕೂಡಿ ಸುಮಾರು ಆರು ತಿಂಗಳಾಗಿತ್ತು.

ಮೊದಲು ಹೋದವರು ಎಡವಿದ್ದೆಲ್ಲಿ

ಬೆಟ್ಟಿ ಡೇವಿಸ್ 1936ರಲ್ಲಿ ಇದೇ ಸ್ಟುಡಿಯೊದೊಡನೆ ಮುನಿಸಿಕೊಂಡು, ಇಂಗ್ಲೆಂಡಿನಲ್ಲಿ ಚಿತ್ರ ಮಾಡುವುದಾಗಿ ಒಪ್ಪಿ ಹಡಗು ಹತ್ತಿದರು. ವಾರ್ನರ್ ಲಂಡನ್ನಿಗೇ ಹೋಗಿ ತಡೆಯಾಜ್ಞೆ ಕೇಳಿತು. ಡೇವಿಸ್ ಪರ ವಾದ ಮುಖ್ಯವಾಗಿ ಒಪ್ಪಂದ ಗುಲಾಮಗಿರಿಯಂತಿದೆ ಎಂಬುದು. ವಾರಕ್ಕೆ ಸಾವಿರಾರು ಡಾಲರ್ ಅಂಕಿ ಕಾಗದದಲ್ಲಿರುವಾಗ ಈ ಮಾತು ನ್ಯಾಯಾಧೀಶರ ಕಿವಿಗೆ ಹೇಗೆ ಕೇಳಿಸೀತು! ನ್ಯಾಯಮೂರ್ತಿ ಬ್ರಾನ್ಸನ್ ತಡೆಯಾಜ್ಞೆ ಕೊಟ್ಟರು. ವಾರ್ನರ್‌ಗಾಗಿ ನಟಿಸು ಎಂದು ಬಲವಂತ ಮಾಡಲಾಗದು, ಆದರೆ ಬೇರೆಯವರಿಗೆ ನಟಿಸುವುದಿಲ್ಲ ಎಂದು ಕೊಟ್ಟ ಮಾತನ್ನು ಜಾರಿ ಮಾಡಬಹುದು ಎಂಬುದು ತೀರ್ಪಿನ ತಿರುಳು. ಡೇವಿಸ್ ವಾಪಸ್ ಬಂದು ಅದೇ ಸ್ಟುಡಿಯೊ ಬಾಗಿಲು ತಟ್ಟಬೇಕಾಯಿತು. ನಮ್ಮ ಕಾನೂನು ಕಾಲೇಜುಗಳಲ್ಲಿ ವಾರ್ನರ್ ವಿರುದ್ಧ ನೆಲ್ಸನ್ ಎಂದು ಓದಿಸುವುದು ಇದೇ ಪ್ರಕರಣವನ್ನು; ನೆಲ್ಸನ್ ಎಂಬುದು ಡೇವಿಸ್‌ರ ಗಂಡನ ಮನೆಯ ಹೆಸರು. ಭಾರತದ ನಿರ್ದಿಷ್ಟ ಪರಿಹಾರ ಕಾಯಿದೆಯ 42ನೇ ಕಲಮಿನ ಹಿಂದಿರುವ ವಿಚಾರವೂ ಇದೇ ಜಾಡಿನದು.

ನಟ ಜೇಮ್ಸ್ ಕ್ಯಾಗ್ನಿ ಅದೇ ವರ್ಷ ವಾರ್ನರ್ ವಿರುದ್ಧದ ದಾವೆ ಗೆದ್ದರು. ಆದರೆ ಅವರ ಗೆಲುವು ಅವರದಷ್ಟೇ. ವರ್ಷಕ್ಕೆ ಇಷ್ಟೇ ಚಿತ್ರ, ಹೆಸರು ಇಂಥ ಸ್ಥಾನದಲ್ಲಿ ಎಂಬ ಭರವಸೆಗಳನ್ನು ಸ್ಟುಡಿಯೊ ಮುರಿದಿತ್ತು, ಅದನ್ನು ಅವರು ತೋರಿಸಿಕೊಟ್ಟರು. ಮುಂದಿನ ನಟನ ಕಾಗದವನ್ನು ಸ್ಟುಡಿಯೊ ಇನ್ನಷ್ಟು ಎಚ್ಚರದಿಂದ ಬರೆದರೆ ಆಯಿತು. ಅಮಾನತಿನ ಷರತ್ತು ಕದಲಲಿಲ್ಲ. ಕ್ಯಾಗ್ನಿ ಕೂಡ 1938ಕ್ಕೆ ವಾರ್ನರ್‌ಗೇ ಮರಳಿದರು.

ಮಾರ್ಟಿನ್ ಗ್ಯಾಂಗ್ ಹಿಡಿದ ಎಳೆ

ಒಲಿವಿಯಾರ ವಕೀಲ ಮಾರ್ಟಿನ್ ಗ್ಯಾಂಗ್ ಪಾತ್ರಗಳ ಗುಣಮಟ್ಟ, ಸಂಬಳ, ಮರ್ಯಾದೆ ಯಾವುದನ್ನೂ ಮುಂದಿಡಲಿಲ್ಲ. ಅವರು ತೋರಿಸಿದ್ದು ಕ್ಯಾಲಿಫೋರ್ನಿಯಾ ಕಾರ್ಮಿಕ ಸಂಹಿತೆಯ 2855ನೇ ಕಲಮು. ವೈಯಕ್ತಿಕ ಸೇವೆಯ ಒಪ್ಪಂದವನ್ನು ಸೇವೆ ಆರಂಭವಾದ ದಿನದಿಂದ ಏಳು ವರ್ಷದಾಚೆಗೆ ಉದ್ಯೋಗಿಯ ವಿರುದ್ಧ ಜಾರಿ ಮಾಡುವಂತಿಲ್ಲ ಎನ್ನುತ್ತದೆ ಅದು. ಈ ನಿಯಮ ಸಿನಿಮಾಕ್ಕಿಂತ ಹಳೆಯದು. 1872ರ ಸಿವಿಲ್ ಸಂಹಿತೆಯಲ್ಲಿ ಮಿತಿ ಎರಡು ವರ್ಷ ಇತ್ತು. 1919ರಲ್ಲಿ ಐದಾಯಿತು, 1931ರಲ್ಲಿ ಏಳಾಯಿತು, 1937ರಲ್ಲಿ ಕಾರ್ಮಿಕ ಸಂಹಿತೆಗೆ ಬಂದು ಕೂತಿತು. ಹಾಲಿವುಡ್ ಬೆಳೆದಂತೆ ಮಿತಿಯೂ ಬೆಳೆದದ್ದು ಕಾಣುತ್ತದೆ. ಎಲ್ಲರಿಗೂ ಗೊತ್ತಿದ್ದ ಕಲಮು. ಅಮಾನತಿನ ವಾರಗಳು ಅದರೊಳಗೆ ಸೇರುತ್ತವೆಯೇ ಎಂದು ಕೋರ್ಟಿನಲ್ಲಿ ಕೊನೆಯವರೆಗೂ ಹಟಹಿಡಿದು ಕೇಳಿದ ತಾರೆ ಮಾತ್ರ ಇರಲಿಲ್ಲ.

1943ರ ಆಗಸ್ಟ್ 23ರಂದು ಲಾಸ್ ಏಂಜಲೀಸ್ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ದಾವೆ ಬಿತ್ತು. ಕೇಳಿದ್ದು ಪರಿಹಾರವನ್ನಲ್ಲ, ಘೋಷಣೆಯನ್ನು: ನಾನು ಈ ಒಪ್ಪಂದಕ್ಕೆ ಇನ್ನು ಬದ್ಧಳಲ್ಲ ಎಂದು ಕೋರ್ಟು ಹೇಳಲಿ. ಈ ರೂಪದಿಂದ ಎರಡು ಲಾಭ. ಯಾವ ಪಾತ್ರ ಚೆನ್ನಾಗಿತ್ತು, ಯಾರು ಯಾರನ್ನು ಅವಮಾನಿಸಿದರು ಎಂಬ ಸಾಕ್ಷಿಗಳ ರಾಡಿ ಬದಿಗೆ ಸರಿಯಿತು. ಜೊತೆಗೆ, ಸ್ಟುಡಿಯೊ ಮಾಡಿದ ಅಮಾನತುಗಳೆಲ್ಲ ಒಪ್ಪಂದದ ಪ್ರಕಾರ ಸರಿಯೇ ಇದ್ದರೂ ಪ್ರಶ್ನೆ ಹಾಗೇ ಉಳಿಯಿತು. ಎದುರಾಳಿಯ ಬಲವಾದ ಅಂಶವನ್ನು ಒಪ್ಪಿಕೊಂಡೇ ವಾದ ಹೂಡಬಹುದಾದ ದಾವೆಗಳು ಅಪರೂಪ.

ಅಪಾಯವೂ ಚಿಕ್ಕದಿರಲಿಲ್ಲ. ಸೋತಿದ್ದರೆ ಹಳೆಯ ಆರು ತಿಂಗಳ ಜೊತೆಗೆ, ದಾವೆ ನಡೆದಷ್ಟೂ ಕಾಲ ಕೆಲಸಕ್ಕೆ ಬಾರದ್ದೂ ಅಮಾನತಿನ ಲೆಕ್ಕಕ್ಕೆ ಸೇರುವ ಸಾಧ್ಯತೆ ಇತ್ತು. ಮೂವತ್ತರ ಹೊಸ್ತಿಲಲ್ಲಿದ್ದ ನಟಿಗೆ, ಆ ಕಾಲದ ಹಾಲಿವುಡ್‌ನಲ್ಲಿ, ಹಣಕ್ಕಿಂತ ದುಬಾರಿ ವಸ್ತು ಅದು.

ವಾರ್ನರ್ ಏನು ವಾದಿಸಿತು, ಕೋರ್ಟು ಏನೆಂದಿತು

ಕೆಳಗಿನ ನ್ಯಾಯಾಲಯ ಒಲಿವಿಯಾ ಪರ ಹೇಳಿತು. ವಾರ್ನರ್ ಮೇಲ್ಮನವಿ ಹೂಡಿತು. 1944ರ ಡಿಸೆಂಬರ್ 8ರಂದು ಕ್ಯಾಲಿಫೋರ್ನಿಯಾದ ಎರಡನೇ ಜಿಲ್ಲಾ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಕ್ಲೆಮೆಂಟ್ ಶಿನ್.

ಸ್ಟುಡಿಯೊದ ಮೊದಲ ವಾದ: ಏಳು ವರ್ಷ ಎಂದರೆ ನಿಜವಾಗಿ ದುಡಿದ ಏಳು ವರ್ಷ. ಕೆಲಸ ಮಾಡದ ವಾರಗಳನ್ನು ಎಣಿಸಬಾರದು, ಇಲ್ಲದಿದ್ದರೆ ನಟಿ ತನ್ನ ತಪ್ಪಿನಿಂದಲೇ ಲಾಭ ಪಡೆದಂತಾಗುತ್ತದೆ. ಮೇಲ್ನೋಟಕ್ಕೆ ಇದು ಹಗುರವಾದ ಮಾತಲ್ಲ. ಆದರೆ ಕಲಮಿನಲ್ಲಿ ಇರುವುದು ‘ಸೇವೆ ಆರಂಭವಾದಲ್ಲಿಂದ’ ಏಳು ವರ್ಷ. ಆರಂಭದ ಬಿಂದು ಕೊಟ್ಟು ಅಲ್ಲಿಂದ ಎಣಿಸು ಎಂದಾಗ ಎಣಿಸುವುದು ಕ್ಯಾಲೆಂಡರನ್ನೇ. ಸ್ಟುಡಿಯೊ ಹೇಳಿದಂತೆ ಓದಿದರೆ ಮಿತಿ ಎಂಬುದೇ ಉಳಿಯುವುದಿಲ್ಲ. ಯಾವ ಪಾತ್ರ ಕಳಿಸಬೇಕು ಎಂಬುದು ಸ್ಟುಡಿಯೊ ಕೈಯಲ್ಲಿ, ಹಾಗಾಗಿ ಎಷ್ಟು ಸಲ ನಿರಾಕರಣೆ ಬರಬಹುದು ಎಂಬುದೂ ಬಹುಮಟ್ಟಿಗೆ ಅವರ ಕೈಯಲ್ಲೇ. ಹತ್ತು, ಹದಿನೈದು ವರ್ಷದವರೆಗೆ ಒಪ್ಪಂದ ಎಳೆಯಲು ಅಡ್ಡಿ ಏನು?

ಎರಡನೆಯ ವಾದ: ಈ ರಕ್ಷಣೆ ನಟಿಯ ಅನುಕೂಲಕ್ಕೆ ಇರುವುದು, ಅಮಾನತಿನ ಷರತ್ತಿಗೆ ಸಹಿ ಹಾಕಿ ಆಕೆ ಅದನ್ನು ಬಿಟ್ಟುಕೊಟ್ಟಿದ್ದಾಳೆ. ಇದಕ್ಕೆ ಉತ್ತರ ಸಿವಿಲ್ ಸಂಹಿತೆಯ 3513ನೇ ಕಲಮಿನಲ್ಲಿತ್ತು. ಕೇವಲ ತನ್ನ ಲಾಭಕ್ಕಿರುವ ಕಾನೂನನ್ನು ಯಾರು ಬೇಕಾದರೂ ಬಿಟ್ಟುಕೊಡಬಹುದು. ಸಾರ್ವಜನಿಕ ಉದ್ದೇಶಕ್ಕಾಗಿ ಮಾಡಿದ ಕಾನೂನನ್ನು ಖಾಸಗಿ ಒಪ್ಪಂದದಿಂದ ಮೀರುವಂತಿಲ್ಲ. ದುಡಿಯುವವರನ್ನು ಎಷ್ಟು ಕಾಲ ಕಟ್ಟಿಹಾಕಬಹುದು ಎಂಬುದು ಸಾರ್ವಜನಿಕ ಹಿತದ ಪ್ರಶ್ನೆ ಎಂದು ಕೋರ್ಟು ಹೇಳಿತು. ಅನುಭವವೂ ಕೌಶಲವೂ ಬೆಳೆದಂತೆ ಮನುಷ್ಯನಿಗೆ ಮೇಲೇರಲು, ಹೆಚ್ಚಿನ ಸಂಬಳ ಪಡೆಯಲು ಅವಕಾಶ ಇರಬೇಕು ಎಂಬ ಆಶಯದ ವಾಕ್ಯ ತೀರ್ಪಿನಲ್ಲಿದೆ. ಈ ತೀರ್ಪಿನ ಬಲ ಇರುವುದು ಈ ಎರಡನೆಯ ಉತ್ತರದಲ್ಲಿ ಎಂಬುದು ನಮ್ಮ ಅಭಿಪ್ರಾಯ. ಕ್ಯಾಲೆಂಡರ್ ಎಣಿಕೆಯನ್ನು ಒಪ್ಪಿ ಬಿಟ್ಟುಕೊಡುವುದಕ್ಕೂ ದಾರಿ ಬಿಟ್ಟಿದ್ದರೆ, ಮಾರನೆಯ ದಿನವೇ ಪ್ರತಿ ಒಪ್ಪಂದದಲ್ಲೂ ‘2855ನೇ ಕಲಮು ನನಗೆ ಬೇಡ’ ಎಂಬ ಸಾಲು ಅಚ್ಚಾಗಿರುತ್ತಿತ್ತು.

1945ರ ಆರಂಭದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಅಲ್ಲಿಗೆ ಮುಗಿಯಿತು.

ಕಾಯುವ ಕಾಲದ ಬೆಲೆ

ದಾವೆ ಬಿದ್ದೊಡನೆ ವಾರ್ನರ್ ಉಳಿದ ಸ್ಟುಡಿಯೊಗಳಿಗೆ ಪತ್ರ ಕಳಿಸಿತು: ಈ ನಟಿ ನಮ್ಮ ಒಪ್ಪಂದದಲ್ಲಿದ್ದಾಳೆ, ಕೆಲಸ ಕೊಟ್ಟರೆ ಹುಷಾರ್ ಎಂಬ ಧಾಟಿ. ಯಾರೂ ಕೊಡಲಿಲ್ಲ. ಹತ್ತಿರ ಹತ್ತಿರ ಎರಡು ವರ್ಷ ಒಲಿವಿಯಾ ಯಾವ ಸ್ಟುಡಿಯೊದಲ್ಲೂ ಕೆಲಸ ಮಾಡಲಿಲ್ಲ. ಯುದ್ಧ ನಡೆಯುತ್ತಿತ್ತು, ಗಾಯಾಳು ಸೈನಿಕರ ಆಸ್ಪತ್ರೆಗಳಿಗೆ ಭೇಟಿ ಕೊಡುವ ಪ್ರವಾಸ ಕೈಗೊಂಡು ಅಲಾಸ್ಕ, ಅಲ್ಯೂಷಿಯನ್ ದ್ವೀಪಗಳು, ದಕ್ಷಿಣ ಪೆಸಿಫಿಕ್‌ವರೆಗೆ ಹೋದರು. ಫಿಜಿಯಲ್ಲಿ ನ್ಯುಮೋನಿಯಾ ಹಿಡಿದು ಮಲಗಿದರು. ವಾರ್ನರ್‌ಗಾಗಿ ಬಹಳ ಮೊದಲೇ ಮುಗಿಸಿದ್ದ ‘ಡಿವೋಷನ್’ ಚಿತ್ರ ಡಬ್ಬಿಯಲ್ಲೇ ಇದ್ದು 1946ರಲ್ಲಿ ತೆರೆ ಕಂಡಿತು.

ಇದನ್ನು ಧೈರ್ಯದ ಕಥೆಯೆಂದು ಹೇಳುವವರು ಒಂದು ಅಂಶ ಮರೆಯುತ್ತಾರೆ. ಎರಡು ವರ್ಷ ಸಂಬಳವಿಲ್ಲದೆ, ವಕೀಲರ ಶುಲ್ಕ ಕಟ್ಟಿಕೊಂಡು ಕೂರಲು ಸಾಧ್ಯವಾಗುವುದು ಆಗಲೇ ಹೆಸರು ಮಾಡಿ ಹಣ ಉಳಿಸಿದವರಿಗೆ. ವಾರಕ್ಕೆ ನೂರು ಡಾಲರ್ ಎಣಿಸುತ್ತಿದ್ದ ಸಣ್ಣ ನಟರಿಗೆ 2855ನೇ ಕಲಮು ಅಷ್ಟೂ ವರ್ಷ ಕಾಗದದ ಮೇಲಿನ ಹಕ್ಕಾಗಿಯೇ ಉಳಿದಿತ್ತು, ಅವರ ಪರವಾಗಿ ಇನ್ನೊಬ್ಬರು ದಾವೆ ಗೆಲ್ಲುವ ತನಕ.

ಬಿಡುಗಡೆಯ ನಂತರದ ಮೊದಲ ವರ್ಷಗಳೇ ಒಲಿವಿಯಾರ ಅತ್ಯುತ್ತಮ ವರ್ಷಗಳು. ಪ್ಯಾರಮೌಂಟ್‌ನ ‘ಟು ಈಚ್ ಹಿಸ್ ಓನ್’ಗೆ 1946ರ ಸಾಲಿನ ಆಸ್ಕರ್. ಮದುವೆಯಾಗದ ತಾಯಿಯೊಬ್ಬಳು ಯೌವನದಿಂದ ನಡುವಯಸ್ಸಿಗೆ ದಾಟುವುದನ್ನು ಒಂದೇ ಚಿತ್ರದಲ್ಲಿ ತೋರಿಸುವ ಪಾತ್ರ. ನಿರ್ದೇಶಕ, ‘ಹೋಲ್ಡ್ ಬ್ಯಾಕ್ ದ ಡಾನ್’ ಮಾಡಿದ ಅದೇ ಮಿಚೆಲ್ ಲೈಸನ್. 1948ರ ‘ದ ಸ್ನೇಕ್ ಪಿಟ್’ಗಾಗಿ ಮಾನಸಿಕ ಆಸ್ಪತ್ರೆಗಳಿಗೆ ಹೋಗಿ ರೋಗಿಗಳ ನಡೆ, ಚಿಕಿತ್ಸೆಯ ಕ್ರಮ ನೋಡಿಕೊಂಡರು, ತೆರೆಯ ಮೇಲೆ ಮೇಕಪ್ ಇಲ್ಲದ, ಸೊರಗಿದ ಮುಖ. 1949ರ ‘ದಿ ಏರೆಸ್’ ಇನ್ನೂ ಗಟ್ಟಿ. ರಂಗದ ಮೇಲೆ ನಾಟಕವನ್ನು ನೋಡಿ, ನಿರ್ದೇಶಕ ವಿಲಿಯಂ ವೈಲರ್‌ರನ್ನು ಒಪ್ಪಿಸಿದವರು ಒಲಿವಿಯಾರೇ. ಅದಕ್ಕೆ ಎರಡನೆಯ ಆಸ್ಕರ್. ಅಮಾನತಿನ ಹೆದರಿಕೆಯಿರುವ ನಟಿಗೆ ಪಾತ್ರ ಬೇಡ ಎನ್ನುವುದೇ ಕಷ್ಟ. ಇಂಥದ್ದೇ ಪಾತ್ರ ಬೇಕು, ಇಂಥವರೇ ನಿರ್ದೇಶಿಸಲಿ ಎಂದು ಹುಡುಕಿಕೊಂಡು ಹೋಗುವುದು ದೂರದ ಮಾತು.

ಐವತ್ತರ ದಶಕದಲ್ಲಿ ಪ್ಯಾರಿಸ್ ಸೇರಿದರು, ಚಿತ್ರಗಳು ವಿರಳವಾದವು. 1965ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. 2017ರಲ್ಲಿ, 101ನೇ ಹುಟ್ಟುಹಬ್ಬದ ಹಿಂದಿನ ದಿನ, ಟಿವಿ ಧಾರಾವಾಹಿಯೊಂದು ತನ್ನನ್ನು ತಪ್ಪಾಗಿ ಚಿತ್ರಿಸಿದೆ ಎಂದು ಮತ್ತೆ ಕೋರ್ಟು ಹತ್ತಿದರು. 1944ರಲ್ಲಿ ಗೆಲ್ಲಿಸಿದ್ದ ಅದೇ ಎರಡನೇ ಜಿಲ್ಲಾ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎತ್ತಿಹಿಡಿದು ಅವರ ವಿರುದ್ಧ ಹೇಳಿತು. 2020ರ ಜುಲೈ 26ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡಾಗ ವಯಸ್ಸು 104.

ತೀರ್ಪಿನಿಂದ ಆದದ್ದು, ಆಗದ್ದು

ಒಲಿವಿಯಾ ಒಬ್ಬರೇ ಸ್ಟುಡಿಯೊ ವ್ಯವಸ್ಥೆಯನ್ನು ಕೆಡವಿದರು ಎಂಬ ಮಾತು ಅಲ್ಲಲ್ಲಿ ಓದಲು ಸಿಗುತ್ತದೆ. ಅದು ಉತ್ಪ್ರೇಕ್ಷೆ. ಏಳು ವರ್ಷದ ಒಪ್ಪಂದ ತೀರ್ಪಿನ ಮೇಲೂ ನಡೆದೇ ಇತ್ತು, ಆಯ್ಕೆಗಳು ಒಂದೇ ಕಡೆಗೆ ಇದ್ದವು, ಸಂಬಳ ಕತ್ತರಿಸುವ ಅಮಾನತೂ ಇತ್ತು. ಹೋದದ್ದು ಏಳು ವರ್ಷದ ಗೆರೆಯಾಚೆ ಅವಧಿ ಬೆಳೆಸುವ ಅಸ್ತ್ರ. ಯುದ್ಧಕ್ಕೆ ಹೋಗಿ ಬಂದ ನಟರಿಗೆ ಇದು ಕೂಡಲೇ ಮುಖ್ಯವಾಯಿತು, ಸೈನ್ಯದಲ್ಲಿ ಕಳೆದ ವರ್ಷಗಳೂ ಕ್ಯಾಲೆಂಡರಿನ ವರ್ಷಗಳೇ ಆದ್ದರಿಂದ. ವ್ಯವಸ್ಥೆಯ ಬುಡ ಅಲುಗಾಡಿದ್ದು 1948ರ ಪ್ಯಾರಮೌಂಟ್ ತೀರ್ಪಿನಿಂದ. ಅಮೆರಿಕದ ಸುಪ್ರೀಂ ಕೋರ್ಟಿನ ಆ ತೀರ್ಪು ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡುವಂತೆ ಮಾಡಿತು. ಬೆನ್ನಿಗೇ ಟಿವಿ ಬಂತು. ಖಚಿತ ಮಾರುಕಟ್ಟೆ ಹೋದ ಮೇಲೆ ನೂರಾರು ನಟರನ್ನು ವಾರದ ಸಂಬಳಕ್ಕೆ ಇಟ್ಟುಕೊಳ್ಳುವುದೇ ಹೊರೆಯಾಯಿತು. 1950ರ ಹೊತ್ತಿಗೆ ಜೇಮ್ಸ್ ಸ್ಟುವರ್ಟ್ ‘ವಿಂಚೆಸ್ಟರ್ 73’ ಚಿತ್ರಕ್ಕೆ ಸಂಬಳದ ಬದಲು ಲಾಭದಲ್ಲಿ ಪಾಲು ತೆಗೆದುಕೊಂಡರು.

ತೀರ್ಪಿನ ಒಂದು ಸಂದು ಇವತ್ತಿಗೂ ವಕೀಲರಿಗೆ ಕೆಲಸ ಕೊಡುತ್ತಿದೆ. ಗಡಿಯಾರ ಓಡುವುದು ಆ ಒಪ್ಪಂದದ ಅಡಿಯ ಸೇವೆಗೆ. ನಡುವೆ ಹೊಸ ಒಪ್ಪಂದ ಮಾಡಿಕೊಂಡರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವೇ? ಒಲಿವಿಯಾ ವಿಷಯದಲ್ಲೇ 1934ರಿಂದ ಎಣಿಸಿದ್ದರೆ ಏಳು ವರ್ಷ 1941ಕ್ಕೇ ತುಂಬುತ್ತಿತ್ತು. ಎಣಿಸಿದ್ದು 1936ರ ಕಾಗದದಿಂದ. ಹೀಗಾಗಿ ಕಲಾವಿದರಿಗೆ ಹೆಸರು ಬಂದಕೂಡಲೇ ಸಂಬಳ ಏರಿಸಿ, ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಸಹಿ ಹಾಕಿಸುವುದು ಕಂಪನಿಗಳಿಗೆ ಅನುಕೂಲ. ನಿಜವಾದ ಹೊಸ ಒಪ್ಪಂದ ಯಾವುದು, ಹಳೆಯದರ ವೇಷ ಯಾವುದು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸಂಗೀತ ಉದ್ಯಮ ಇದಕ್ಕೆ ಇನ್ನೊಂದು ದಾರಿ ಹುಡುಕಿತು. ಗಾಯಕರ ಒಪ್ಪಂದ ವರ್ಷದ ಲೆಕ್ಕಕ್ಕಿಂತ ಆಲ್ಬಂ ಲೆಕ್ಕದಲ್ಲಿ ಓಡುತ್ತದೆ. 1987ರಲ್ಲಿ 2855ನೇ ಕಲಮಿಗೆ ಸೇರಿದ ಉಪಕಲಮಿನ ಪ್ರಕಾರ, ಏಳು ವರ್ಷ ಮುಗಿಸಿ ಹೊರನಡೆದ ಗಾಯಕರಿಂದ, ಕೊಡದೆ ಉಳಿದ ಆಲ್ಬಂಗಳಿಗಾಗಿ ಧ್ವನಿಮುದ್ರಣ ಕಂಪನಿ ನಷ್ಟಪರಿಹಾರ ಕೇಳಬಹುದು. 2008ರಲ್ಲಿ ‘ಥರ್ಟಿ ಸೆಕೆಂಡ್ಸ್ ಟು ಮಾರ್ಸ್’ ತಂಡ ಏಳು ವರ್ಷದ ನಿಯಮ ಹಿಡಿದು ಹೊರಟಾಗ ಇಎಂಐ ಕಂಪನಿ 3 ಕೋಟಿ ಡಾಲರ್‌ಗೆ ದಾವೆ ಹಾಕಿತು, ಮರುವರ್ಷ ರಾಜಿಯಾಯಿತು. ಆ ತಂಡದ ಗಾಯಕ, ನಟನೂ ಆದ ಜ್ಯಾರೆಡ್ ಲೆಟೊ, ಒಲಿವಿಯಾರ ಪ್ರಕರಣದ ಋಣವನ್ನು ಬಹಿರಂಗವಾಗಿ ನೆನೆದರು. ಸಂಗೀತದವರಿಗಿರುವ ಈ ಪ್ರತ್ಯೇಕ ನಿಯಮವನ್ನು ತೆಗೆದುಹಾಕಲು 2021 ಮತ್ತು 2022ರಲ್ಲಿ ಕ್ಯಾಲಿಫೋರ್ನಿಯಾ ಶಾಸಕಾಂಗದಲ್ಲಿ ಪ್ರಯತ್ನ ನಡೆದರೂ ಅದು ಕಾನೂನಾಗಲಿಲ್ಲ. ನಟರಿಗೆ ಕ್ಯಾಲೆಂಡರ್ ಲೆಕ್ಕ, ಗಾಯಕರಿಗೆ ಕ್ಯಾಲೆಂಡರ್ ಜೊತೆಗೆ ಆಲ್ಬಂ ಲೆಕ್ಕ.